ಕೆರೆಯ ಪಾಚಿ ಕಡಲು ದಾಟಿದ ಕಥೆ

ಹೈಸ್ಕೂಲಿನಲ್ಲಿ ವಿಜ್ಞಾನ ಓದಿದ ನಮ್ಮವರಿಗೆಲ್ಲ ಹೈಡ್ರಿಲ್ಲಾ ನೆನಪಿರುತ್ತದೆ. ಒಂದು ಬೀಕರಿನಲ್ಲಿ ನೀರು, ನೀರಿನೊಳಗೆ ಒಂದು ಹಿಡಿ ಹೈಡ್ರಿಲ್ಲಾ, ಅದರ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಮೂತಿಗೆ ನೀರು ತುಂಬಿದ ಪ್ರನಾಳ. ಬಿಸಿಲಿಗೆ ಇಟ್ಟರೆ ಗಿಡದಿಂದ ಸಣ್ಣ ಸಣ್ಣ ಗುಳ್ಳೆ ಎದ್ದು ಪ್ರನಾಳದ ತುದಿಯಲ್ಲಿ ಸೇರುತ್ತವೆ. ಆ ಗಾಳಿಗೆ ಕೆಂಡ ಹಿಡಿದರೆ ಧಗ್ ಅಂತ ಹೊತ್ತಿಕೊಳ್ಳುತ್ತದೆ. 'ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಬಿಡುಗಡೆಯಾಗುತ್ತದೆ ಎಂದು ತೋರಿಸುವ ಪ್ರಯೋಗ.' ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು. ಪರೀಕ್ಷೆಗೆ ಬಂದೇ ಬರುತ್ತದೆ ಅಂತ ಮೇಷ್ಟ್ರು ಹೇಳಿಬಿಟ್ಟಿದ್ದರು.

ನಮ್ಮ ಸ್ಕೂಲಿನಲ್ಲಿ ಪ್ರಯೋಗಕ್ಕೆ ಬೇಕಾದ ಸಾಮಾನುಗಳಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ಅದೊಂದೇ. "ಯಾರಾದ್ರೂ ಇಬ್ರು ಕೆರೆಗೆ ಹೋಗಿ ಒಂದು ಬಕೆಟ್ ಪಾಚಿ ತಗೊಂಡ್ ಬನ್ರೋ" ಅಂದರೆ ಸಾಕು, ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು. ಪುಸ್ತಕದಲ್ಲಿ ಹೈಡ್ರಿಲ್ಲಾ, ಊರಿನಲ್ಲಿ ಬರೀ ಪಾಚಿ. ನೀರಿಗಿಳಿದ ಎಮ್ಮೆಗಳು ಕೊಂಬಿಗೆ ಸಿಕ್ಕಿಸಿಕೊಂಡು ಬರುತ್ತಿದ್ದದ್ದೂ ಅದನ್ನೇ. ಅದಕ್ಕೊಂದು ಬೆಲೆ ಇದೆ, ಚರಿತ್ರೆ ಇದೆ ಅಂತ ಯಾರಿಗೆ ಅನ್ನಿಸೀತು?

ಇಷ್ಟು ವರ್ಷ ಕಳೆದ ಮೇಲೆ ಇಲ್ಲಿ, ಫ್ಲಾರಿಡಾದ ಟ್ಯಾಂಪಾದಲ್ಲಿ, ಮಗಳ ಹಟಕ್ಕೆ ಇಪ್ಪತ್ತು ಗ್ಯಾಲನ್ನಿನ ಒಂದು ಮೀನಿನ ತೊಟ್ಟಿ ತಂದೆ. ಪ್ಲಾಸ್ಟಿಕ್ ಗಿಡ ಬೇಡ, ಜೀವಂತ ಗಿಡವೇ ಇರಲಿ ಅಂತ ಅಂಗಡಿಗೆ ಹೋದೆ. ನನಗೆ ಹೆಸರು ಗೊತ್ತಿದ್ದ ನೀರುಗಿಡ ಒಂದೇ. "ಹೈಡ್ರಿಲ್ಲಾ ಇದೆಯಾ?" ಅಂದೆ. ಕೌಂಟರಿನಲ್ಲಿದ್ದ ವಯಸ್ಸಾದವರು ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಆ ಗಿಡವನ್ನು ಇಲ್ಲಿ ಮಾರುವುದು ಹೋಗಲಿ, ಅನುಮತಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ನಮ್ಮ ಮೇಷ್ಟ್ರ ಬಕೆಟ್ಟಿನ ಪಾಚಿ ಈ ದೇಶದ ದುಷ್ಟ ಕಳೆಗಳ ಪಟ್ಟಿಯಲ್ಲಿದೆ.

ಅವತ್ತಿನಿಂದ ಹುಡುಕಿ ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಮೀನಿನ ತೊಟ್ಟಿಗೆ ಸುಲಭದ ಗಿಡ ಯಾವುದು ಅಂತ ತಿಳಿಯಲು ಹೊರಟವನಿಗೆ, 'ಸುಲಭ' ಅನ್ನುವ ಮಾತಿಗೇ ಒಂದು ಚರಿತ್ರೆ ಇದೆ ಅಂತ ಗೊತ್ತಾಯಿತು.

ಗಾಜಿನೊಳಗೆ ಗಿಡ

ಗಿಡಕ್ಕೂ ಗಾಳಿಗೂ ಇರುವ ನಂಟನ್ನು ಮೊದಲು ಹಿಡಿದವರು 18ನೇ ಶತಮಾನದವರು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟುಹೋದ ಗಾಳಿಯಲ್ಲಿ ಪುದೀನದ ಕಡ್ಡಿಯೊಂದನ್ನು ಇಟ್ಟ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯಿತು. 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತವೆ, ಕತ್ತಲಿಗಿಟ್ಟರೆ ನಿಲ್ಲುತ್ತವೆ. ಹಾಗಾಗಿ ಕೆಲಸ ಮಾಡಿಸುವುದು ಬೆಳಕು ಅಂತ ತೋರಿಸಿದ. ನಾವು ಹೈಸ್ಕೂಲಿನಲ್ಲಿ ಮಾಡಿದ್ದು ಹೆಚ್ಚುಕಡಿಮೆ ಆತನ ಪ್ರಯೋಗವನ್ನೇ. ಗಿಡ ಮಾತ್ರ ನಮ್ಮ ಕೆರೆಯದು.

ಮುಂದಿನ ಕಥೆ ಲಂಡನ್ನಿನದು. ನಥಾನಿಯೆಲ್ ಬ್ಯಾಗ್‌ಷಾ ವಾರ್ಡ್ ಅನ್ನುವ ಡಾಕ್ಟರಿಗೆ ಜರೀಗಿಡದ ಹುಚ್ಚು. ಆದರೆ ಕಲ್ಲಿದ್ದಲ ಹೊಗೆ ತುಂಬಿದ ಆ ಊರಿನಲ್ಲಿ ಜರೀಗಿಡಗಳು ಬದುಕುತ್ತಿರಲಿಲ್ಲ. 1829ರಲ್ಲಿ ಆತ ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನ ಜೊತೆ ಬಾಟಲಿಗೆ ಹಾಕಿ ಮುಚ್ಚಿಟ್ಟಿದ್ದ. ಪತಂಗ ಬರುವುದಕ್ಕೆ ಮೊದಲೇ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ಚಿಗುರಿದವು. ಮುಚ್ಚಿದ ಗಾಜಿನೊಳಗೆ ನೀರು ಆವಿಯಾಗುತ್ತದೆ, ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತದೆ. ಹೊರಗಿನ ಹೊಗೆಗೆ ಒಳಗೆ ಪ್ರವೇಶವಿಲ್ಲ.

ಇದು ಒಬ್ಬ ಡಾಕ್ಟರ ಹವ್ಯಾಸವಾಗಿ ಉಳಿಯಲಿಲ್ಲ. 1833ರಲ್ಲಿ ಗಿಡ ತುಂಬಿದ ಎರಡು ಗಾಜಿನ ಪೆಟ್ಟಿಗೆ ಹಡಗಿನಲ್ಲಿ ಸಿಡ್ನಿಗೆ ಹೋದವು, ಅಲ್ಲಿನ ಗಿಡಗಳನ್ನು ತುಂಬಿಕೊಂಡು ವಾಪಸ್ಸೂ ಬಂದವು. ಅಲ್ಲಿಯವರೆಗೆ ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಉಪ್ಪುಗಾಳಿ ಬಡಿದು, ಸಿಹಿನೀರಿಲ್ಲದೆ ಗಿಡಗಳು ಸಾಯುತ್ತಿದ್ದವು. ವಾರ್ಡನ ಪೆಟ್ಟಿಗೆ ಬಂದ ಮೇಲೆ ಯಾವ ಗಿಡ ಎಲ್ಲಿಗೆ ಬೇಕಾದರೂ ಹೋಗಬಹುದಾಯಿತು. ರಾಬರ್ಟ್ ಫಾರ್ಚೂನ್ ಚೀನಾದಿಂದ ಟೀ ಗಿಡಗಳನ್ನು ಭಾರತಕ್ಕೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲೇ. 1860ರ ಸುಮಾರಿಗೆ ನಮ್ಮ ಪಕ್ಕದ ನೀಲಗಿರಿಗೆ ಸಿಂಕೋನಾ ತರುವ ಪ್ರಯತ್ನದಲ್ಲೂ ಇವೇ ಪೆಟ್ಟಿಗೆಗಳಿದ್ದವು. ನಾವು ಬೆಳಗಾಗೆದ್ದು ಕುಡಿಯುವ ಚಹಾದ ಹಿಂದೆಯೂ ಆ ಗಾಜಿನ ಪೆಟ್ಟಿಗೆ ಇದೆ ಅಂತಾಯಿತು.

ಎರಡು ಮೀನು, ಒಂದು ಗಿಡ, ಕೆಲವು ಬಸವನಹುಳು

ಪೆಟ್ಟಿಗೆಗೆ ಮಣ್ಣಿನ ಬದಲು ನೀರು ತುಂಬಿದವನು ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಅಪಾಥಿಕರೀಸ್ ಹಾಲ್‌ನಲ್ಲಿ ರಸಾಯನಶಾಸ್ತ್ರಜ್ಞ. ಆಗಿನ ಕಾಲದಲ್ಲಿ ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಸಾಕುವವರು ದಿನದಿನ ನೀರು ಬದಲಿಸಬೇಕಿತ್ತು, ಇಲ್ಲವಾದರೆ ಮೀನು ಸಾಯುತ್ತಿತ್ತು. 1849ರಲ್ಲಿ ವಾರಿಂಗ್ಟನ್ ಹನ್ನೆರಡು ಗ್ಯಾಲನ್ನಿನ ಪಾತ್ರೆಯಲ್ಲಿ ಮರಳು ಹಾಕಿ, ವ್ಯಾಲಿಸ್ನೇರಿಯಾ ಅನ್ನುವ ರಿಬ್ಬನ್ನಿನಂಥ ಎಲೆಯ ಗಿಡ ನೆಟ್ಟು, ಎರಡು ಗೋಲ್ಡ್‌ಫಿಶ್ ಬಿಟ್ಟ. ನೀರು ಬದಲಿಸಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಮಬ್ಬಾಯಿತು, ಗಾಜಿನ ಮೇಲೆ ಹಸಿರು ಕಟ್ಟಿತು. ಆಗ ಆತ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಮರಿಗಳನ್ನು ಮೀನು ತಿಂದವು, ನೀರು ತಿಳಿಯಾಯಿತು. ಮೀನಿಗೆ ಗಿಡ, ಗಿಡಕ್ಕೆ ಮೀನು, ಇಬ್ಬರ ಕಸಕ್ಕೆ ಬಸವನಹುಳು. ಇದನ್ನು ಆತ 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಓದಿದ. ನಮ್ಮ ಮನೆಗಳ ಅಕ್ವೇರಿಯಂ ಹುಟ್ಟಿದ್ದು ಅಲ್ಲಿ ಅಂತ ಹೇಳಬಹುದು. 1845ರಲ್ಲೇ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂತು. ಆಮೇಲೆ ಅನುಕೂಲಸ್ಥರ ಮನೆಗಳಲ್ಲಿ ಗಾಜಿನ ತೊಟ್ಟಿ ಒಂದು ಶೋಕಿಯೇ ಆಯಿತು.

ವಾರಿಂಗ್ಟನ್ ಲೆಕ್ಕ ಪೂರ್ತಿ ಸರಿಯಲ್ಲ ಅಂತ ಇವತ್ತು ಗೊತ್ತು. ಗಿಡ ಮೀನಿಗೆ ಕೊಡುವುದು ಆಮ್ಲಜನಕವೊಂದನ್ನೇ ಅಲ್ಲ. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾ ಅವುಗಳಿಗೇ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಗಿಡ ಅಮೋನಿಯಾವನ್ನೂ ನೈಟ್ರೇಟನ್ನೂ ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ರಾತ್ರಿ ಹೊತ್ತು ಗಿಡವೂ ನಮ್ಮ ಹಾಗೇ ಆಮ್ಲಜನಕ ಬಳಸುತ್ತದೆ. ಹಾಗಿದ್ದರೂ ಚೆನ್ನಾಗಿ ಬೆಳೆಯುವ ಗಿಡವಿದ್ದರೆ ನೀರು ಚೆನ್ನಾಗಿರುತ್ತದೆ ಅನ್ನುವ ಆತನ ಮುಖ್ಯ ಮಾತು ಇವತ್ತಿಗೂ ನಿಂತಿದೆ. ಹಾಗಾಗಿಯೇ ಅಕ್ವೇರಿಯಂ ವ್ಯಾಪಾರಿಗಳು ನೂರು ವರ್ಷ ಪ್ರಪಂಚವೆಲ್ಲ ಹುಡುಕಿದ್ದು ಒಂದೇ ಗುಣವನ್ನು: ಎಲ್ಲಿ ಹಾಕಿದರೂ ಬದುಕುವ, ಬೇಗ ಬೆಳೆಯುವ ಗಿಡ.

'ಇಂಡಿಯನ್ ಸ್ಟಾರ್ ವೈನ್'

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ಜೋರಾಯಿತು. ವರ್ಷವಿಡೀ ಬಿಸಿಲಿರುವ ಟ್ಯಾಂಪಾ ಸುತ್ತಮುತ್ತ ಅಲಂಕಾರದ ಮೀನಿನ ತೋಟಗಳು ಎದ್ದವು. ಮೀನಿನ ಜೊತೆ ಗಿಡಗಳೂ ಬಂದವು. 1945ರಲ್ಲಿ ಭಾರತದ ಹೈಗ್ರೋಫಿಲಾ ಪಾಲಿಸ್ಪರ್ಮಾ ಅನ್ನುವ ಗಿಡ 'ಓರಿಯೆಂಟಲ್ ಲುಡ್ವಿಜಿಯಾ' ಅನ್ನುವ ಹೆಸರಿನಲ್ಲಿ ಒಹಾಯೋ ರಾಜ್ಯಕ್ಕೆ ಬಂದಿತ್ತು. ಅದು ಲುಡ್ವಿಜಿಯಾ ಅಲ್ಲವೇ ಅಲ್ಲ. ವ್ಯಾಪಾರದ ಹೆಸರು ಕೇಳುವುದಕ್ಕೆ ಚೆನ್ನಾಗಿದ್ದರೆ ಸಾಕಿತ್ತು.

1950ರ ದಶಕದ ಶುರುವಿನಲ್ಲಿ ಟ್ಯಾಂಪಾದ ಗಿಡದ ವ್ಯಾಪಾರಿಯೊಬ್ಬನಿಗೆ 'ಇಂಡಿಯನ್ ಸ್ಟಾರ್ ವೈನ್' ಅನ್ನುವ ಹೊಸ ಮಾಲು ಬಂತು. ಶ್ರೀಲಂಕಾದಿಂದ ಸೇಂಟ್ ಲೂಯಿಸ್ ಊರಿನ ಮತ್ತೊಬ್ಬ ವ್ಯಾಪಾರಿಯ ಮೂಲಕ ಬಂದದ್ದು. ಬಿಚ್ಚಿ ನೋಡಿದರೆ ಗಿಡ ಅಷ್ಟೇನೂ ಚೆನ್ನಾಗಿರಲಿಲ್ಲ. ಆತ ಅದನ್ನು ಅಂಗಡಿಯ ಹಿಂದಿನ ಕಾಲುವೆಗೆ ಎಸೆದ. ಕೆಲವು ತಿಂಗಳು ಬಿಟ್ಟು ನೋಡಿದರೆ ಕಾಲುವೆ ತುಂಬ ಸೊಂಪಾಗಿ ಬೆಳೆದಿತ್ತು. ಆಗ ಆತ ಅದನ್ನೇ ಕಿತ್ತು ಮಾರತೊಡಗಿದ. 'ನಕ್ಷತ್ರಬಳ್ಳಿ' ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಪಾಚಿ, ಹೈಡ್ರಿಲ್ಲಾ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಸಣ್ಣ ತೊಟ್ಟಿ ಇಟ್ಟಿದ್ದೆ. ಬಾಡಿಗೆ ಕರಾರು ಮುಗಿದು ಬೇರೆ ಊರಿಗೆ ಕೆಲಸಕ್ಕೆ ಹೊರಟಾಗ ಮೀನುಗಳನ್ನು ಸ್ನೇಹಿತರಿಗೆ ಕೊಟ್ಟೆ. ಉಳಿದ ಗಿಡಗಳನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಜೀವ ಇರುವ ಗಿಡ, ಪಾಪ, ಬದುಕಿಕೊಳ್ಳಲಿ ಅಂತ ರಾತ್ರಿ ಬಕೆಟ್ ಹಿಡಿದುಕೊಂಡು ಹೋಗಿ ಅಪಾರ್ಟ್‌ಮೆಂಟ್ ಹಿಂದಿನ ಮಳೆನೀರಿನ ಹೊಂಡಕ್ಕೆ ಸುರಿದುಬಂದೆ. ಪುಣ್ಯದ ಕೆಲಸ ಮಾಡಿದೆ ಅಂತಲೇ ನಿದ್ದೆ ಮಾಡಿದೆ. ಅದು ಯಾವ ಗಿಡ ಅಂತ ಆಗಲೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆ ಹೊಂಡದ ನೀರು ಎಲ್ಲಿಗೆ ಹರಿಯುತ್ತದೆ ಅಂತ ಕೇಳಿದವನೂ ಅಲ್ಲ. ಆದ್ದರಿಂದ ಆ ವ್ಯಾಪಾರಿಯ ಕಥೆ ಓದುವಾಗ ಆತನನ್ನು ಬೈಯಲು ನನ್ನ ಬಾಯಿ ಬರಲಿಲ್ಲ. ಆತ ಬೇಡ ಅಂತ ಎಸೆದ. ನಾನು ಕರುಣೆಯಿಂದ ಎಸೆದೆ. ನೀರಿಗೆ ಎರಡೂ ಒಂದೇ.

ಕೆರೆ ಕಲಿಸಿದ ಪಾಠ

1960ರಲ್ಲಿ ಹೈಡ್ರಿಲ್ಲಾ ಫ್ಲಾರಿಡಾದ ಎರಡು ಕಡೆ ಹೊರಗಿನ ನೀರಿನಲ್ಲಿ ಕಂಡಿತು. ಒಂದು ಮಯಾಮಿಯ ಕಾಲುವೆ, ಇನ್ನೊಂದು ಇಲ್ಲಿಂದ ಉತ್ತರಕ್ಕಿರುವ ಕ್ರಿಸ್ಟಲ್ ರಿವರ್. ಮೊದಲಿಗೆ ಅದನ್ನು ಇಲ್ಲಿನದೇ ಎಲೋಡಿಯಾ ಅಂದುಕೊಂಡರು. ಇದು ಬೇರೆ ಅಂತ ತಿಳಿಯುವ ಹೊತ್ತಿಗೆ ಅದು ಊರೂರು ಸುತ್ತಿತ್ತು. ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಂಡು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತಿತ್ತು. 1990ರ ದಶಕಕ್ಕೆ ಫ್ಲಾರಿಡಾದ ಹತ್ತಾರು ಸಾವಿರ ಎಕರೆ ನೀರು ಅದರ ವಶವಾಗಿತ್ತು.

ಅದರ ತಾಕತ್ತು ಎಲ್ಲಿಂದ ಬಂತು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಒಂದೇ ಒಂದು ಗಿಣ್ಣು ಇರುವ ತುಂಡು ಸಿಕ್ಕರೂ ಸಾಕು, ಚಿಗುರುತ್ತದೆ. ದಿನಕ್ಕೆ ಒಂದು ಇಂಚು ಬೆಳೆಯಬಲ್ಲದು. ಪೂರ್ತಿ ಬಿಸಿಲಿನ ನೂರರಲ್ಲಿ ಒಂದು ಪಾಲು ಬೆಳಕಿದ್ದರೂ ಬದುಕುತ್ತದೆ. ಕೆಸರಿನೊಳಗೆ ಸಣ್ಣ ಗೆಡ್ಡೆಗಳನ್ನು ಬಿಡುತ್ತದೆ. ನೀರು ಬತ್ತಿದರೂ, ಮೇಲಿನ ಗಿಡವೆಲ್ಲ ಸತ್ತರೂ, ಆ ಗೆಡ್ಡೆಗಳು ವರ್ಷಗಟ್ಟಲೆ ಕಾದಿದ್ದು ಮತ್ತೆ ಮೊಳೆಯುತ್ತವೆ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮೂರ ಕೆರೆ. ಏಪ್ರಿಲ್‌ನಲ್ಲಿ ಬತ್ತಿ ಬಿರುಕು ಬಿಟ್ಟು, ನಾವು ಅಂಗಳದಲ್ಲೇ ಕ್ರಿಕೆಟ್ ಆಡುವಷ್ಟು ಒಣಗಿ, ಜುಲೈನಲ್ಲಿ ತುಂಬಿದ ಕೂಡಲೇ ಎಲ್ಲಿಂದಲೋ ಪಾಚಿ ಎದ್ದು ಬರುತ್ತಿತ್ತಲ್ಲ, ಅದು ಹೀಗೆ. ಒಂದು ವರ್ಷ ತುಂಬಿ ಮೂರು ವರ್ಷ ಬತ್ತುವ ಕೆರೆಯಲ್ಲಿ ಬದುಕಲು ಬೇಕಾದ ಗುಣವೆಲ್ಲ ಅದರ ಹತ್ತಿರ ಇತ್ತು. ಅದೇ ಗಿಡವನ್ನು ಬೇಸಿಗೆಯಲ್ಲೂ ಬತ್ತದ ಫ್ಲಾರಿಡಾದ ಕೆರೆಗಳಿಗೆ ಹಾಕಿದರೆ ಕೇಳಬೇಕೇ?

ಇನ್ನೊಂದು ವಿಚಿತ್ರ. ಹೈಡ್ರಿಲ್ಲಾದ ಈ ತಳಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಫ್ಲಾರಿಡಾಕ್ಕೆ ಬಂದದ್ದು ಹೆಣ್ಣು ಮಾತ್ರ. ಬೀಜವೇ ಇಲ್ಲ. ಇಲ್ಲಿರುವುದೆಲ್ಲ ತುಂಡಿನಿಂದ ತುಂಡಾಗಿ, ಗೆಡ್ಡೆಯಿಂದ ಗೆಡ್ಡೆಯಾಗಿ ಬೆಳೆದದ್ದು. ಹಾಗಾದರೆ ಇದರ ತೌರು ಯಾವುದು? 1997ರಲ್ಲಿ ವಿಜ್ಞಾನಿಗಳು ಪ್ರಪಂಚದ ಹಲವು ಕಡೆಯ ಹೈಡ್ರಿಲ್ಲಾಗಳ ಡಿಎನ್‌ಎ ಹೋಲಿಸಿ ನೋಡಿದರು. ಫ್ಲಾರಿಡಾದ ಗಿಡಕ್ಕೆ ತೀರಾ ಹತ್ತಿರ ಬಂದ ಮಾದರಿ ಯಾವುದು ಗೊತ್ತೇ? ಬೆಂಗಳೂರಿನದು!

ಬೆಂಗಳೂರಿನ ಕೆರೆಯಿಂದಲೇ ಯಾರೋ ಕಿತ್ತು ಕಳಿಸಿದರು ಅಂತ ಇದರಿಂದ ಹೇಳಲಾಗದು. ಹಡಗು ಹತ್ತಿದ್ದು ಲಂಕೆಯಲ್ಲಿ. ಇದು ನಮ್ಮ ಕಡೆಯ, ದಕ್ಷಿಣ ಭಾರತದ ಬಳಗದ ಗಿಡ ಅನ್ನುವಷ್ಟು ಮಾತ್ರ ಹೇಳಬಹುದು. ಆದರೂ ಆ ಸಾಲು ಓದಿದಾಗ ಹೆಮ್ಮೆಯೂ ಅಲ್ಲದ ನಾಚಿಕೆಯೂ ಅಲ್ಲದ ಏನೋ ಒಂದು ಅನ್ನಿಸಿತು. ಟ್ಯಾಂಪಾದಲ್ಲಿ ನನಗಿಂತ ಐವತ್ತು ವರ್ಷ ಮೊದಲು ಬಂದು ನೆಲೆಸಿದ ಊರಿನವರೊಬ್ಬರ ಹೆಸರು ಕೇಳಿದ ಹಾಗೆ.

ತೆತ್ತ ಬೆಲೆ

ಹೈಡ್ರಿಲ್ಲಾವನ್ನು ತೆಗೆಯಲು ಇಲ್ಲಿನವರು ಮಾಡದ ಪ್ರಯತ್ನವಿಲ್ಲ. ಯಂತ್ರದಿಂದ ಕತ್ತರಿಸಿದರು, ಕತ್ತರಿಸಿದ ತುಂಡುಗಳೇ ಹೊಸ ಗಿಡಗಳಾದವು. ಮರಿ ಹಾಕದ ಹಾಗೆ ಮಾಡಿದ ಹುಲ್ಲುಗೆಂಡೆ ಮೀನುಗಳನ್ನು ಬಿಟ್ಟರು. ಅವು ಹೈಡ್ರಿಲ್ಲಾದ ಜೊತೆ ಉಳಿದ ಗಿಡಗಳನ್ನೂ ಮೇಯ್ದವು. 1987ರಲ್ಲಿ ಹೈಡ್ರಿಲ್ಲಾದ ಎಲೆ ಕೊರೆಯುವ ಒಂದು ಜಾತಿಯ ಸಣ್ಣ ನೊಣವನ್ನು ನಮ್ಮ ಉಪಖಂಡದಿಂದಲೇ ತರಿಸಿ ಬಿಟ್ಟರು. ಅದು ನೆಲೆ ನಿಂತಿತು, ಗಿಡವನ್ನು ಗೆಲ್ಲಲಿಲ್ಲ. ಫ್ಲುರಿಡೋನ್ ಅನ್ನುವ ಕಳೆನಾಶಕ ವರ್ಷಗಟ್ಟಲೆ ಕೆಲಸ ಮಾಡಿತು. 2000ದ ಹೊತ್ತಿಗೆ ಕೆಲವು ಕೆರೆಗಳ ಹೈಡ್ರಿಲ್ಲಾ ಅದಕ್ಕೂ ಬಗ್ಗದಂತಾಯಿತು. ಬೀಜವಿಲ್ಲದ, ಒಂದೇ ತಾಯಿಯ ಗಿಡ ಇಷ್ಟು ಬೇಗ ಬದಲಾದೀತು ಅಂತ ಯಾರೂ ಎಣಿಸಿರಲಿಲ್ಲ.

ಇದಕ್ಕೂ ದೊಡ್ಡ ಪೆಟ್ಟು ಬಿದ್ದದ್ದು ಹಕ್ಕಿಗಳಿಗೆ. 1994ರಲ್ಲಿ ಆರ್ಕನ್ಸಾದ ಡಿಗ್ರೇ ಸರೋವರದ ಬಳಿ ಬಿಳಿತಲೆಯ ಹದ್ದುಗಳು ಸತ್ತು ಬೀಳತೊಡಗಿದವು. ಅಮೆರಿಕ ತನ್ನ ಲಾಂಛನದಲ್ಲಿ ಇಟ್ಟುಕೊಂಡಿರುವ ಹಕ್ಕಿ ಅದು. ಮಿದುಳಿನಲ್ಲಿ ತೂತುಗಳಾಗಿದ್ದವು. ಕಾರಣ ಹುಡುಕಲು ಕಾಲು ಶತಮಾನ ಬೇಕಾಯಿತು. ಹೈಡ್ರಿಲ್ಲಾದ ಎಲೆಯ ಮೇಲೆ ಒಂದು ಜಾತಿಯ ಸಯನೋಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಅದು ವಿಷ ತಯಾರಿಸುತ್ತದೆ. ಆ ಎಲೆಯನ್ನು ನೀರುಕೋಳಿ ತಿನ್ನುತ್ತದೆ, ನಿತ್ರಾಣವಾದ ನೀರುಕೋಳಿಯನ್ನು ಹದ್ದು ಹಿಡಿಯುತ್ತದೆ. ಈ ವಿಷ ಯಾವುದು ಅಂತ ಖಚಿತವಾಗಿ ಪ್ರಕಟವಾದದ್ದು 2021ರಲ್ಲಿ. ಅಷ್ಟರೊಳಗೆ ನೂರಕ್ಕೂ ಹೆಚ್ಚು ಹದ್ದುಗಳು ಸತ್ತಿದ್ದವು.

ಹಾಗಂತ ಎಲ್ಲರೂ ಹೈಡ್ರಿಲ್ಲಾವನ್ನು ಶಪಿಸುತ್ತಾರೆ ಅಂತಲೂ ಇಲ್ಲ. ಬಾಸ್ ಮೀನು ಹಿಡಿಯುವವರು, ಬಾತುಕೋಳಿ ಬೇಟೆಯವರು ಅದು ಇರಲಿ ಅನ್ನುತ್ತಾರೆ. ಅದರ ನಡುವೆ ಮೀನು, ಹಕ್ಕಿ ಚೆನ್ನಾಗಿ ಸಿಗುತ್ತವೆ. ಮ್ಯಾನಟಿ ಅನ್ನುವ ನೀರಿನ ಹಸುಗಳೂ ಅದನ್ನು ಇಷ್ಟಪಟ್ಟು ಮೇಯುತ್ತವೆ. ಗಿಡದಲ್ಲಿ ದೋಷವಿಲ್ಲ. ಬಂದು ಸೇರಿದ ಜಾಗ ಅದರದ್ದಲ್ಲ, ಅಷ್ಟೇ.

ಈ ಸಾಗಾಟ ಒಂದೇ ಕಡೆಗೆ ನಡೆದದ್ದೂ ಅಲ್ಲ. ಬೆಂಗಳೂರಿನ ಕೆರೆಗಳನ್ನು ಮುಚ್ಚಿ ಕೂತಿರುವ ನೇರಳೆ ಹೂವಿನ ನೀರು ಹಯಸಿಂತ್ ದಕ್ಷಿಣ ಅಮೆರಿಕದ್ದು. ಹೂವಿನ ಚೆಂದಕ್ಕೆ ಅಂತ ದೇಶದೇಶಗಳಿಗೆ ಹೋದದ್ದು. ಅದೇ ಗಿಡ ಇಲ್ಲಿ ಲೂಸಿಯಾನಾದ ನದಿಗಳನ್ನು ಎಷ್ಟು ಕಾಡಿತ್ತೆಂದರೆ, 1910ರಲ್ಲಿ ಅದನ್ನು ಮೇಯಿಸಲು ಆಫ್ರಿಕಾದಿಂದ ನೀರಾನೆಗಳನ್ನು ತರಿಸೋಣ ಅಂತ ಅಮೆರಿಕದ ಸಂಸತ್ತಿನಲ್ಲಿ ಒಂದು ಮಸೂದೆಯೇ ಮಂಡನೆಯಾಗಿತ್ತು! ಪುಣ್ಯಕ್ಕೆ ಪಾಸಾಗಲಿಲ್ಲ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ನೀರಿನ ಮೇಲೆಲ್ಲ ಗುಲಾಬಿ ಹೂ ಹಾಸಿದ ಫೋಟೋ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತ್ತು. ನೋಡಲು ಜನಜಾತ್ರೆ. ಅದು ಕಬೊಂಬಾ ಅನ್ನುವ ದಕ್ಷಿಣ ಅಮೆರಿಕದ ಗಿಡ, ಅಕ್ವೇರಿಯಂಗಳಲ್ಲಿ ಬೆಳೆಸುವಂಥದ್ದು. ನಾನೂ ಆ ಫೋಟೋಗೆ ಒಂದು ಹೃದಯದ ಚಿಹ್ನೆ ಒತ್ತಿ ಮುಂದಕ್ಕೆ ಕಳಿಸಿದ್ದೆ.

ಹಾಗಾದರೆ ಯಾವ ಗಿಡ ಹಾಕೋದು?

ಇಷ್ಟೆಲ್ಲ ಹೇಳಿದ ಮೇಲೆ ಗಿಡವೇ ಬೇಡ ಅಂತ ಅಲ್ಲ. ಸುಲಭದ ಗಿಡಗಳಲ್ಲಿ ಎರಡು ಬಗೆ. ಬೇಗ ಬೆಳೆದು ತುಂಬಿಕೊಳ್ಳುವುದರಿಂದ ಸುಲಭವಾದವು ಒಂದು ಬಗೆ. ನಿಧಾನವಾಗಿ ಬೆಳೆದರೂ ಏನನ್ನೂ ಕೇಳದೆ ತಾಳಿಕೊಳ್ಳುವುದರಿಂದ ಸುಲಭವಾದವು ಇನ್ನೊಂದು. ನಾನೀಗ ಎರಡನೆಯ ಬಗೆಯ ಕಡೆಗೆ.

ಮೊದಲನೆಯದು ಜಾವಾ ಫರ್ನ್. ಆಗ್ನೇಯ ಏಷ್ಯಾದ ಕಾಡುತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುವ ಜರೀಗಿಡ. ಶುಂಠಿಯ ಹಾಗೆ ಅಡ್ಡ ಹರಿಯುವ ಇದರ ಕಾಂಡವನ್ನು ಮರಳಿನಲ್ಲಿ ಹೂಳಬಾರದು, ಕೊಳೆಯುತ್ತದೆ. ದಾರದಿಂದ ಒಂದು ಕಲ್ಲಿಗೋ ಮರದ ತುಂಡಿಗೋ ಕಟ್ಟಿದರೆ ಕೆಲವು ವಾರಗಳಲ್ಲಿ ಬೇರು ತಾನೇ ಹಿಡಿದುಕೊಳ್ಳುತ್ತದೆ. ಹಳೆಯ ಎಲೆಯ ಮೇಲೆ ಕಪ್ಪು ಚುಕ್ಕೆ ಬಂದು ಅಲ್ಲೇ ಮರಿ ಗಿಡ ಹುಟ್ಟುತ್ತದೆ. ರೋಗ ಅಂತ ಕಿತ್ತು ಎಸೆಯಬೇಡಿ.

ಎರಡನೆಯದು ಅನುಬಿಯಾಸ್, ಆಫ್ರಿಕಾದ್ದು. ಇದನ್ನೂ ಹೂಳದೆ ಕಟ್ಟಬೇಕು. ಎಲೆ ಚರ್ಮದ ಹಾಗೆ ಗಟ್ಟಿ; ಮೀನು ಕಚ್ಚುವುದಿಲ್ಲ. ತಿಂಗಳಿಗೊಂದು ಎಲೆ ಬಿಟ್ಟರೆ ಹೆಚ್ಚು. ಮೂರನೆಯದು ಕ್ರಿಪ್ಟೋಕೊರೈನ್, ಅದರಲ್ಲೂ ಶ್ರೀಲಂಕಾದ ವೆಂಟೈ ಅನ್ನುವ ಜಾತಿ. ಇದನ್ನು ಮರಳಿನಲ್ಲಿ ನೆಡಬೇಕು. ಅನುಬಿಯಾಸ್, ಕ್ರಿಪ್ಟೋಕೊರೈನ್ ಎರಡೂ ನಮ್ಮ ಪತ್ರೊಡೆಯ ಕೆಸುವಿನ ಕುಟುಂಬದವು. ಕ್ರಿಪ್ಟೋಕೊರೈನ್‌ನ ಕೆಲವು ಜಾತಿಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲೇ ಇವೆ. ಇದರದ್ದೊಂದು ಸ್ವಭಾವ ಇದೆ: ಜಾಗ ಬದಲಾದರೆ ಇದ್ದಬದ್ದ ಎಲೆಯನ್ನೆಲ್ಲ ಕರಗಿಸಿಬಿಡುತ್ತದೆ. ಸತ್ತಿತು ಅಂತ ನಾವು ಕೈಬಿಡುತ್ತೇವೆ. ಬೇರು ಬದುಕಿರುತ್ತದೆ. ಮೂರ್ನಾಲ್ಕು ವಾರ ಸುಮ್ಮನೆ ಬಿಟ್ಟರೆ ಹೊಸ ನೀರಿಗೆ ಹೊಂದುವ ಹೊಸ ಎಲೆ ಹೊರಡುತ್ತದೆ. ಹೊಸ ದೇಶಕ್ಕೆ ಬಂದ ಮೊದಲ ಚಳಿಗಾಲ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ವಾರಿಂಗ್ಟನ್ನನ ವ್ಯಾಲಿಸ್ನೇರಿಯಾ. ನೆಡುವಾಗ ಎಲೆ ಹೊರಡುವ ಬುಡ ಮರಳಿನ ಮೇಲಿರಬೇಕು, ಬೇರು ಮಾತ್ರ ಒಳಗೆ. ಅಡ್ಡಕುಡಿ ಬಿಟ್ಟು ಹಬ್ಬುತ್ತದೆ. ಹೆಚ್ಚಾದದ್ದನ್ನು ಕಿತ್ತು ತೆಗೆಯುತ್ತಿರಬೇಕು.

ನಾಲ್ಕಕ್ಕೂ ಸಾಧಾರಣ ಎಲ್‌ಇಡಿ ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಹೆಚ್ಚು ಹೊತ್ತು ಹಚ್ಚಿದರೆ ಬೆಳೆಯುವುದು ಗಿಡಕ್ಕಿಂತ ಗಾಜಿನ ಮೇಲಿನ ಹಸಿರು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ. ಮರಳಿನಲ್ಲಿ ನೆಟ್ಟ ಗಿಡಗಳ ಬುಡಕ್ಕೆ ಗೊಬ್ಬರದ ಗುಳಿಗೆ ಒಂದೊಂದು ಹೂತರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ವಾರಕ್ಕೊಮ್ಮೆ ತೆಗೆದ ಮೀನಿನ ನೀರು ನಮ್ಮ ಮನೆಯಲ್ಲಿ ಕರಿಬೇವಿನ ಕುಂಡಕ್ಕೆ ಹೋಗುತ್ತದೆ.

ಕರಿಬೇವು ಅಂದಾಗ ನೆನಪಾಯಿತು. ಇಲ್ಲಿಂದ ಇನ್ನೊಂದು ರಾಜ್ಯಕ್ಕೆ ಕರಿಬೇವಿನ ಸಸಿ ಒಯ್ಯಬಾರದು ಅಂತ ನಿಯಮ ಇದೆ ಅಂದಾಗ ನಾವೆಲ್ಲ ಗೊಣಗಿದವರೇ. ಒಗ್ಗರಣೆ ಸೊಪ್ಪಿಗೂ ಇವರ ತಕರಾರು ಅಂತ ನಗಾಡಿದ್ದೇವೆ. ಕಿತ್ತಳೆ ತೋಟಗಳನ್ನು ಹಾಳು ಮಾಡುವ ರೋಗ ಹರಡುವ ಒಂದು ಹುಳು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ, ಕಾರಣ ಅಷ್ಟೇ. ಆ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಕಂಡಮೇಲೆ ಎಷ್ಟೋ ತೋಟಗಳು ಇಲ್ಲವಾದವು. ಹೈಡ್ರಿಲ್ಲಾದ ಕಥೆ ಓದಿದ ಮೇಲೆ ಆ ನಿಯಮದ ಬಗ್ಗೆ ನಾನು ಗೊಣಗುವುದನ್ನು ಬಿಟ್ಟಿದ್ದೇನೆ.

ನಮ್ಮಂಥ ಕೆಲಸದವರು ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತೇವೆ. ಸೋಫಾ ಮಾರುತ್ತೇವೆ, ಟೀವಿ ಕೊಡುತ್ತೇವೆ, ಮೀನಿನ ತೊಟ್ಟಿ ಕೊನೆಗೆ ಉಳಿಯುತ್ತದೆ. ಆಗ ಗಿಡಗಳನ್ನು ಯಾರಿಗಾದರೂ ಕೊಡಿ, ಅಂಗಡಿಗೆ ಮರಳಿಸಿ. ಯಾರೂ ಸಿಗದಿದ್ದರೆ ಸಿಮೆಂಟ್ ನೆಲದ ಮೇಲೆ ಹರಡಿ ಹಪ್ಪಳದ ಹಾಗೆ ಗರಿಗರಿಯಾಗುವವರೆಗೆ ಒಣಗಿಸಿ. ಬಿಸಿಲಿಲ್ಲದಿದ್ದರೆ ಫ್ರೀಜರಿನಲ್ಲಿ ಇಡಿ. ಆಮೇಲೆ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಹೊಂಡಕ್ಕೆ, ಹೊಳೆಗೆ, ಮಳೆನೀರಿನ ಚರಂಡಿಗೆ ಮಾತ್ರ ಬೇಡ. ಮೀನು, ಬಸವನಹುಳುಗಳಿಗೂ ಇದೇ ಮಾತು. ಸಿಂಗಪುರವಿರಲಿ, ದುಬೈ ಇರಲಿ, ನಮ್ಮ ಬೆಂಗಳೂರೇ ಇರಲಿ, ಇದರಲ್ಲಿ ವ್ಯತ್ಯಾಸವಿಲ್ಲ.

ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಕ್ರಿಸ್ಟಲ್ ರಿವರ್‌ಗೆ ಹೋಗಿದ್ದೆ. ಮ್ಯಾನಟಿಗಳು ಬೆಚ್ಚನೆಯ ಊಟೆನೀರಿಗೆ ಬಂದು ಸೇರುವ ಕಾಲ. ಹೈಡ್ರಿಲ್ಲಾ ಮೊದಲು ಕಂಡ ಜಾಗಗಳಲ್ಲಿ ಒಂದಾದ ಆ ನದಿಯಲ್ಲಿ ಕಳೆದ ಕೆಲವು ವರ್ಷಗಳಿಂದ ಊರಿನವರು ಮುಂದೆ ನಿಂತು ತಳದ ಹೂಳು ತೆಗೆಸಿ, ಮುಳುಗುಗಾರರಿಂದ ಒಂದೊಂದೇ ಸಸಿ ನೆಡಿಸುತ್ತಿದ್ದಾರೆ. ಮ್ಯಾನಟಿ ಮೇಯದಂತೆ ಬೇರು ಹಿಡಿಯುವವರೆಗೆ ಮೇಲೆ ಬಲೆಯ ಬುಟ್ಟಿ ಮುಚ್ಚುತ್ತಾರೆ. ಯಾವ ಸಸಿ ಅಂತ ಕೇಳಿದೆ. ಇಲ್ಲಿನದೇ ಆದ ವ್ಯಾಲಿಸ್ನೇರಿಯಾ ಅಂದರು. ವಾರಿಂಗ್ಟನ್ ತನ್ನ ಎರಡು ಗೋಲ್ಡ್‌ಫಿಶ್‌ಗೆ ನೆಟ್ಟನಲ್ಲ, ಅದರ ಅಮೆರಿಕದ ತಂಗಿ.

ದೋಣಿಯಿಂದ ಬಗ್ಗಿ ನೋಡಿದರೆ ತಿಳಿನೀರಿನ ತಳದಲ್ಲಿ ಉದ್ದನೆಯ ಎಲೆಗಳು ಹೊಳ್ಳಾಡುತ್ತಿದ್ದವು. ಬಿಸಿಲು ಬಿದ್ದ ಕಡೆ ಎಲೆಯಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. "ಅಪ್ಪಾ, ಅದು ಏನು?" ಅಂದಳು ಮಗಳು. ಬೀಕರ್, ಆಲಿಕೆ, ಪ್ರನಾಳ ಯಾವುದೂ ಇಲ್ಲದೆ ಆ ಪ್ರಯೋಗವನ್ನು ಅವಳಿಗೆ ಅಲ್ಲೇ ತೋರಿಸಿದೆ. ಆಮೇಲೆ ಆ ಬಕೆಟ್ಟಿನ ಕಥೆಗಳನ್ನೂ ಹೇಳಿದೆ. ಕೆರೆಯಿಂದ ತಂದ ಬಕೆಟ್ಟಿನದ್ದು ಒಂದು, ಹೊಂಡಕ್ಕೆ ಸುರಿದ ಬಕೆಟ್ಟಿನದ್ದು ಇನ್ನೊಂದು.